ಒಬ್ಬಳೇ ತಂಗಿ, ಎರಡು ಚೀಟಿ: ಯಾವ ಡಾಕ್ಟರ್ ಸರಿ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ, ಊರು ಧಾರವಾಡದ ಕಡೆ. 24 ವರ್ಷದ ತಂಗಿ ಒಂದು ತಿಂಗಳಿಂದ ಹಾಸಿಗೆ ಬಿಟ್ಟು ಏಳುತ್ತಿಲ್ಲ. ಊಟ ಸೇರುತ್ತಿಲ್ಲ, ಕೆಲಸಕ್ಕೂ ಹೋಗುತ್ತಿಲ್ಲ. ಮೊದಲ ಡಾಕ್ಟರ್ ಚೀಟಿಯಲ್ಲಿ ‘ಎಫ್32’ ಎಂದು ಬರೆದು ಡಿಪ್ರೆಶನ್ ಅಂದರು. ಎರಡನೆಯವರು ‘ಎಫ್31’, ಬೈಪೋಲಾರ್ ಅನ್ನುತ್ತಾರೆ, ಮಾತ್ರೆಯನ್ನೂ ಬದಲಿಸಿದ್ದಾರೆ. ಯಾರು ಸರಿ? ಸ್ಕ್ಯಾನ್ ಮಾಡಿಸಿದರೆ ಗೊತ್ತಾಗಲ್ವಾ? ಹೋದ ಗಣಪತಿ ಹಬ್ಬದಲ್ಲಂತೂ ತುಂಬಾ ಚೆನ್ನಾಗಿದ್ದಳು. ಒಂದು ವಾರ ನಿದ್ದೆಯಿಲ್ಲದೆ ಮನೆಯೆಲ್ಲ ಸಿಂಗರಿಸಿದಳು, ಸಂಬಳ ಪೂರ್ತಿ ಸೀರೆಗೆ ಸುರಿದಳು.

ಉತ್ತರ: ಎರಡನೇ ಡಾಕ್ಟರಿಗೆ ಈ ಗಣಪತಿ ಹಬ್ಬದ ಸಂಗತಿ ಗೊತ್ತಾಗಿರಬೇಕು. ಮೊದಲನೆಯವರಿಗೆ ಯಾರೂ ಹೇಳಿರಲಿಕ್ಕಿಲ್ಲ.

ಚೀಟಿಯಲ್ಲಿರುವ ಸಂಖ್ಯೆಗಳು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ ಎಂಬ ಕಾಯಿಲೆಗಳ ಪಟ್ಟಿಯವು. ಅದರ 11ನೇ ಆವೃತ್ತಿ 2022ರಿಂದ ಜಾರಿಯಲ್ಲಿದ್ದರೂ ನಮ್ಮಲ್ಲಿ ಹಲವರು ಇನ್ನೂ 10ನೆಯದರ ಎಫ್ ಸಂಖ್ಯೆಗಳನ್ನೇ ಬರೆಯುತ್ತಾರೆ. ಎಫ್32 ಅಂದರೆ ಡಿಪ್ರೆಶನ್ನಿನ ಮೊದಲ ಸಲದ ಕಂತು. ಮಂಕು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಸುಸ್ತು, ನಿದ್ದೆ ಊಟದ ಏರುಪೇರು, ಇಂಥವು ಕನಿಷ್ಠ ಎರಡು ವಾರ ಇರಬೇಕು. ಎಫ್31 ಅಂದರೆ ಬೈಪೋಲಾರ್, ಮನಸ್ಸು ಒಮ್ಮೆ ವಿಪರೀತ ಏರಿ ಇನ್ನೊಮ್ಮೆ ಕುಸಿಯುವ ಕಾಯಿಲೆ. ಅದಕ್ಕೆ ಇಷ್ಟು ಸಾಲದು. ಹಿಂದೆ ಯಾವಾಗಲಾದರೂ ಮನಸ್ಸು ವಿಪರೀತ ಏರಿದ ಕಾಲವೊಂದು ಇದ್ದಿರಬೇಕು: ನಿದ್ದೆ ಬೇಡ, ಮಾತು ನಿಲ್ಲದು, ಕೈಯಲ್ಲಿ ದುಡ್ಡು ನಿಲ್ಲದು. ಮನೆಯವರಿಗೆ ಅದು ಕಾಯಿಲೆ ಅನ್ನಿಸುವುದೇ ಇಲ್ಲ, ಹುಡುಗಿ ಹುರುಪಿನಲ್ಲಿದ್ದಾಳೆ ಅಂತ ಖುಷಿಪಡುತ್ತಾರೆ. ಹಾಗಾಗಿ ತಂಗಿ ಮಲಗಿಬಿಟ್ಟಾಗಲಷ್ಟೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತೀರಿ, ಅವರು ಕಣ್ಣೆದುರು ಕಂಡದ್ದಕ್ಕೆ ಹೆಸರಿಡುತ್ತಾರೆ.

ಹೆಸರು ಬದಲಾದರೆ ಏನಂತೆ ಅನ್ನಬೇಡಿ. ಬೈಪೋಲಾರ್ ಇರುವವರಿಗೆ ಬರೀ ಡಿಪ್ರೆಶನ್ ಮಾತ್ರೆ ಕೊಟ್ಟರೆ ಕೆಲವೊಮ್ಮೆ ಮನಸ್ಸು ಮತ್ತೆ ಮೇಲಕ್ಕೆ ಹಾರಿಬಿಡುತ್ತದೆ. ಮಾತ್ರೆ ಬದಲಾಗಿರುವುದು ಬಹುಶಃ ಅದಕ್ಕೇ. ದಯವಿಟ್ಟು ಹಳೆಯದನ್ನೂ ಹೊಸದನ್ನೂ ನೀವೇ ಸೇರಿಸಿ ಕೊಡಬೇಡಿ. ಸುಮ್ನೆ ನಿಲ್ಲಿಸಲೂ ಬೇಡಿ.

ಸ್ಕ್ಯಾನ್ ವಿಷಯ: ಡಿಪ್ರೆಶನ್ನೋ ಬೈಪೋಲಾರೋ ಅಂತ ಹೇಳುವ ಸ್ಕ್ಯಾನ್ ಆಗಲಿ ರಕ್ತಪರೀಕ್ಷೆ ಆಗಲಿ ಇವತ್ತಿಗೂ ಇಲ್ಲ. ಥೈರಾಯ್ಡ್, ಬಿ12, ರಕ್ತಹೀನತೆ ನೋಡಿಸುವುದು ಬೇರೆ ಕಾಯಿಲೆ ಹೀಗೆ ವೇಷ ಹಾಕಿಕೊಂಡಿಲ್ಲ ಅಂತ ಖಾತ್ರಿ ಮಾಡಿಕೊಳ್ಳಲು. ಉಳಿದದ್ದೆಲ್ಲ ಮಾತು, ಗಮನ, ಸಮಯ. ಆರು ತಿಂಗಳು ನೋಡಿದ ಮೇಲೆ ಹೆಸರು ಮತ್ತೆ ಬದಲಾದರೂ ಗಾಬರಿಯಾಗಬೇಡಿ.

ಮಾತಿನ ಮೇಲೇ ಎಲ್ಲ ನಿಂತಿರುವಾಗ ಮುಂಬೈಯಲ್ಲಿರುವ ನಮ್ಮವರಿಗೆ ಒಂದು ತೊಡಕಿದೆ, ನನಗೆ ಇದು ನಿಜಕ್ಕೂ ಸಂಕಟದ ವಿಷಯ. ಡಾಕ್ಟರ್ ಮರಾಠಿಯಲ್ಲೋ ಹಿಂದಿಯಲ್ಲೋ ಕೇಳುತ್ತಾರೆ. ತಾಯಿ ಕನ್ನಡದಲ್ಲಿ ‘ಎದಿ ಭಾರ ಅಂತಾಳ, ಒಬ್ಬಾಕಿನೇ ಗುಣುಗುಣು ಅಂತಾಳ, ರಾತ್ರಿ ಗೋಡಿ ನೋಡ್ಕೋತ ಕೂಡ್ತಾಳ’ ಅನ್ನುತ್ತಾರೆ. ಜೊತೆಗೆ ಬಂದ ಅಣ್ಣ ‘ಟೆನ್ಶನ್ ಹೈ’ ಅಂತ ಎರಡೇ ಪದದಲ್ಲಿ ಮುಗಿಸುತ್ತಾನೆ. ರೋಗ ಗುರುತಿಸಲು ಬೇಕಾದದ್ದೆಲ್ಲ ಅಲ್ಲೇ ಕಳೆದುಹೋಯಿತಲ್ವಾ?

ಮುಂದಿನ ಸಲ ಎರಡೂ ಚೀಟಿ ಒಯ್ಯಿರಿ. ಯಾವ ತಿಂಗಳು ಹೇಗಿದ್ದಳು, ಎಷ್ಟು ಹೊತ್ತು ಮಲಗುತ್ತಿದ್ದಳು, ಮನೆತನದಲ್ಲಿ ಯಾರಿಗಾದರೂ ಹೀಗಾಗಿತ್ತಾ, ಎಲ್ಲ ಬರೆದುಕೊಳ್ಳಿ. ಅಮ್ಮನನ್ನೂ ಕರೆದುಕೊಂಡು ಹೋಗಿ, ಅವರು ಅಂದದ್ದನ್ನು ಮಾತಿಗೆ ಮಾತು ದಾಟಿಸಿ. ಕನ್ನಡದಲ್ಲೇ ಯಾರನ್ನಾದರೂ ಕೇಳಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416, ಹಗಲು ರಾತ್ರಿ ಉಚಿತ. ಸಾಯುವ ಮಾತೇನಾದರೂ ಬಂದರೆ ಮಾತ್ರ ಅಪಾಯಿಂಟ್‌ಮೆಂಟ್ ಕಾಯಬೇಡಿ, ಅವತ್ತೇ ಹತ್ತಿರದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ.