ಹಳದಿ ದೀಪ ಬಂದರೆ ನಿಲ್ಲಬೇಕಾ, ಹೋಗಬೇಕಾ?

ಪ್ರಶ್ನೆ: ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ದಿನಾ ಸ್ಕೂಟರ್ ಓಡಿಸುತ್ತೇನೆ. ಟೌನ್‌ಹಾಲ್ ಸರ್ಕಲ್ ಹತ್ತಿರ ಹಳದಿ ದೀಪ ಬಂದರೆ ಗೊಂದಲ. ನಿಂತರೆ ಹಿಂದಿನ ಬಸ್ಸಿನವರು ಹಾರನ್ ಹೊಡೆಯುತ್ತಾರೆ, ಹೋದರೆ ದಂಡದ ಭಯ. ಎಡಕ್ಕೆ ತಿರುಗುವವರಿಗೆ ಕೆಂಪು ದೀಪ ಲೆಕ್ಕಕ್ಕಿಲ್ಲ ಅನ್ನುತ್ತಾರೆ, ನಿಜವೇ?

ಉತ್ತರ: ಹಳದಿ ಬಂದರೆ ನಿಲ್ಲಬೇಕು. ಸ್ಟಾಪ್ ಲೈನ್ (ಸಿಗ್ನಲ್ ಹತ್ತಿರ ಗಾಡಿ ನಿಲ್ಲಿಸಬೇಕಾದ ಬಿಳಿ ಗೆರೆ) ಆಗಲೇ ದಾಟಿದ್ದರೆ, ಅಥವಾ ನಿಲ್ಲಿಸೋಕೆ ಆಗದಷ್ಟು ಹತ್ತಿರ ಬಂದಿದ್ದರೆ ಮಾತ್ರ ಮುಂದೆ ಹೋಗಬಹುದು. ನಮ್ಮಲ್ಲಿ ಹಳದಿ ಕಂಡ ತಕ್ಷಣ ಆಕ್ಸಿಲರೇಟರ್ ತಿರುಗಿಸುವವರೇ ಜಾಸ್ತಿ, ಅಲ್ವಾ?

ಎಷ್ಟು ಹತ್ತಿರ ಅಂದರೆ ಹತ್ತಿರ? ಗಂಟೆಗೆ 40 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 11 ಮೀಟರ್ ಓಡುತ್ತದೆ. ದೀಪ ನೋಡಿ ಬ್ರೇಕ್ ಒತ್ತಲು ಒಂದು ಸೆಕೆಂಡ್ ಬೇಕು ಅಂತ ಇಟ್ಟುಕೊಳ್ಳಿ. ಒಣ ರಸ್ತೆಯಲ್ಲಿ ಪೂರ್ತಿ ನಿಲ್ಲುವಷ್ಟರಲ್ಲಿ 20ರಿಂದ 25 ಮೀಟರ್ ಕಳೆದಿರುತ್ತದೆ. ಲೈನ್ 30 ಮೀಟರ್ ದೂರ ಇದ್ದರೆ ಆರಾಮಾಗಿ ನಿಲ್ಲಬಹುದು. 10 ಮೀಟರ್ ಇದ್ದರೆ ಗಕ್ಕನೆ ಬ್ರೇಕ್ ಹಾಕಬೇಡಿ, ಹಿಂದಿನ ಬಸ್ಸು ಬಂದು ಗುದ್ದೀತು. ಅದೇ ವೇಗದಲ್ಲಿ ದಾಟಿಬಿಡಿ. ವೇಗ 60 ಇದ್ದರೆ ನಿಲ್ಲಲು ಸುಮಾರು 40 ಮೀಟರ್ ಬೇಕು, ಮಳೆ ಬಿದ್ದಿದ್ದರೆ ಇನ್ನೂ ಜಾಸ್ತಿ. ಹಾಗಾಗಿ ಹಸಿರು ಇದ್ದರೂ ಸರ್ಕಲ್ ಹತ್ತಿರ ವೇಗ ತಗ್ಗಿಸಿಕೊಂಡೇ ಬನ್ನಿ, ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ. ಹಾರನ್ ಹೊಡೆಯುವವರು ಹೊಡೆದುಕೊಳ್ಳಲಿ.

ಟೈಮರ್ ಇರುವ ಕಡೆ ಇನ್ನೊಂದು ತಾಪತ್ರಯ. ಅಡ್ಡ ರಸ್ತೆಯವರು 3, 2, 1 ಎಣಿಸಿ, ಹಸಿರು ಬರುವ ಮೊದಲೇ ಹೊರಟುಬಿಡುತ್ತಾರೆ. ಈ ಕಡೆ ಒಬ್ಬರು ಹಳದಿಯಲ್ಲಿ ನುಗ್ಗಿರುತ್ತಾರೆ. ಇಬ್ಬರೂ ಸರ್ಕಲ್ ನಡುವೆ ಎದುರಾಗುತ್ತಾರೆ. ಕೆಂಪು ದೀಪ ದಾಟುವುದನ್ನು 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಅಪಾಯಕಾರಿ ಚಾಲನೆ ಎಂದೇ ಹೆಸರಿಸುತ್ತದೆ.

ಎಡ ತಿರುವಿನ ಮಾತು ನಿಜವಲ್ಲ. ‘ಫ್ರೀ ಲೆಫ್ಟ್’ ಬೋರ್ಡ್ ಅಥವಾ ಎಡಕ್ಕೆ ಹಸಿರು ಬಾಣ ಇದ್ದರೆ ಮಾತ್ರ ತಿರುಗಿ. ಆಗಲೂ ರಸ್ತೆ ದಾಟುವವರಿಗೆ ಮೊದಲು ದಾರಿ ಬಿಡಿ. ಪೊಲೀಸರು ನಿಂತು ಕೈ ತೋರಿಸುತ್ತಿದ್ದರೆ ದೀಪ ಮರೆತು ಅವರ ಕೈ ನೋಡಿ.

ಪ್ರಶ್ನೆ: ನನಗೆ ಮಂಡಿ ನೋವು, ನಡಿಗೆ ನಿಧಾನ. ಅರ್ಧ ರಸ್ತೆ ದಾಟುವಷ್ಟರಲ್ಲಿ ಪಾದಚಾರಿಗಳ ಸಿಗ್ನಲ್‌ನ ಹಸಿರು ಬೊಂಬೆ ಮಿನುಗಲು ಶುರುವಾಗುತ್ತದೆ. ವಾಪಸ್ ಬರಬೇಕಾ?

ಉತ್ತರ: ಬೇಡಮ್ಮ, ಮುಂದೆಯೇ ಹೋಗಿ. ಹಸಿರು ಮಿನುಗುವುದು ಫುಟ್‌ಪಾತ್ ಮೇಲೆ ಇನ್ನೂ ನಿಂತಿರುವವರಿಗೆ ‘ಈಗ ಇಳಿಯಬೇಡಿ’ ಎಂಬ ಸೂಚನೆ. ಇಳಿದವರು ದಾಟಿ ಮುಗಿಸಲಿ ಎಂದೇ ಆ ಸಮಯ ಕೊಟ್ಟಿರುತ್ತಾರೆ. ಲೆಕ್ಕ ಹಾಕುವಾಗ ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ನಡಿಗೆ ಹಿಡಿಯುತ್ತಾರೆ, ಅಂದರೆ 12 ಮೀಟರ್ ಅಗಲದ ರಸ್ತೆಗೆ 10 ಸೆಕೆಂಡ್. ಮಂಡಿ ನೋವಿನವರಿಗೆ ಇದು ಸಾಲದು ಅನ್ನೋದು ನನ್ನ ಅಭಿಪ್ರಾಯವೂ ಹೌದು. ಹಾಗಾಗಿ ಹಸಿರು ಬೊಂಬೆ ಆಗಲೇ ಬಂದು ಸ್ವಲ್ಪ ಹೊತ್ತಾಗಿದ್ದರೆ ಇಳಿಯಬೇಡಿ, ಮುಂದಿನ ಸರದಿಗೆ ಕಾಯಿರಿ. ನಡುವೆ ಅಗಲದ ಮೀಡಿಯನ್ (ರಸ್ತೆ ವಿಭಜಕ) ಇದ್ದರೆ ಅಲ್ಲಿ ನಿಂತು ಎರಡು ಸರದಿಯಲ್ಲಿ ದಾಟಬಹುದು.

ರಾತ್ರಿ ಹಳದಿ ದೀಪವೊಂದೇ ಮಿನುಗುತ್ತಿದ್ದರೆ ಗಾಡಿಗಳು ನಿಲ್ಲುವುದಿಲ್ಲ. ನಿಧಾನಿಸಿ, ನೋಡಿಕೊಂಡು ಹೋಗುವುದಷ್ಟೇ ಅವರ ನಿಯಮ. ಆಗ ಎರಡೂ ಕಡೆ ನೋಡಿ, ಗಾಡಿಗಳು ಖಾಲಿಯಾದ ಮೇಲೆ ರಸ್ತೆಗೆ ಇಳಿಯಿರಿ.