ಬೈಕು ಪ್ರಶ್ನೋತ್ತರ: ಇಬ್ಬನಿ, ಬ್ಯಾಟರಿ, ರಾಗಿ ಹುಲ್ಲು

ದೀಪಾವಳಿ ಕಳೆದ ಮೇಲೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು "ಬೆಳಿಗ್ಗೆ ಸ್ಟಾರ್ಟ್ ಆಗಲ್ಲ" ಎಂಬ ದೂರಿನವೇ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹಿಮವೇನೂ ಬೀಳುವುದಿಲ್ಲ. ಮುಂಜಾವದಲ್ಲಿ ಹತ್ತು ಹನ್ನೆರಡು ಡಿಗ್ರಿಗೆ ಇಳಿದರೆ ಅದೇ ದೊಡ್ಡ ಚಳಿ. ಅಷ್ಟಕ್ಕೆ ಸರಿಯಾಗಿರುವ ಬೈಕು ಕೆಡುವುದಿಲ್ಲ. ಕೆಡಿಸುವುದು ಇಬ್ಬನಿ, ಒಕ್ಕಣೆಯ ದೂಳು, ಮೊದಲೇ ಸೋತು ಕೂತಿದ್ದ ಬ್ಯಾಟರಿ.

ಪ್ರಶ್ನೆ: ದಿನಾ ಬೆಳಿಗ್ಗೆ ಐದೂವರೆಗೆ ಡೇರಿಗೆ ಹಾಲು ಒಯ್ಯಬೇಕು. ನನ್ನದು 2017ರ 110 ಸಿಸಿ ಗಾಡಿ. ಸೆಲ್ಫ್ ಒತ್ತಿದರೆ ಕಟ್ ಕಟ್ ಅಂತ ಸದ್ದು ಬರುತ್ತೆ ಅಷ್ಟೆ. ಹತ್ತು ಹದಿನೈದು ಕಿಕ್ ಹೊಡೆದ ಮೇಲೆ ಸ್ಟಾರ್ಟ್ ಆಗುತ್ತೆ. ಮಧ್ಯಾಹ್ನ ಏನೂ ತೊಂದರೆ ಇಲ್ಲ. ಒಬ್ಬ ಮೆಕ್ಯಾನಿಕ್ ಬ್ಯಾಟರಿ ಬದಲಿಸಿ ಅಂತಾರೆ, ಇನ್ನೊಬ್ಬರು ಕಾರ್ಬುರೇಟರ್ ಅಂತಾರೆ. ಯಾರ ಮಾತು ಕೇಳಲಿ?
— ಗೌರಿಬಿದನೂರು

ಉತ್ತರ: ನಿಮ್ಮ ಗಾಡಿಯಲ್ಲಿ ಇರುವುದು ಎರಡು ತೊಂದರೆ, ಒಂದಲ್ಲ. ಸೆಲ್ಫ್ ತಿರುಗದೆ ಕಟ್ ಕಟ್ ಅನ್ನುವುದು ರಿಲೇಯ (ಸೆಲ್ಫ್ ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್) ಸದ್ದು. ರಿಲೇ ಎಳೆದುಕೊಳ್ಳುವಷ್ಟು ಕರೆಂಟ್ ಇದೆ, ಮೋಟಾರ್ ತಿರುಗಿಸುವಷ್ಟು ಇಲ್ಲ ಎಂದರ್ಥ. ಚಳಿಯಲ್ಲಿ ಎಂಜಿನ್ ಆಯಿಲ್ ಗಟ್ಟಿಯಾಗಿ ಮೋಟಾರಿಗೆ ಭಾರ ಹೆಚ್ಚುತ್ತದೆ, ಅದೇ ಹೊತ್ತಿಗೆ ಬ್ಯಾಟರಿ ಕೊಡುವ ಕರೆಂಟ್ ತಗ್ಗುತ್ತದೆ. ಮಧ್ಯಾಹ್ನ ಸರಿಹೋಗುವುದು ಅದಕ್ಕೇ.

ಹೊಸ ಬ್ಯಾಟರಿಗೆ ದುಡ್ಡು ಕೊಡುವ ಮೊದಲು ಟರ್ಮಿನಲ್ ನೋಡಿ. ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ವೈರು ಬಿಚ್ಚಿ, ಅಡುಗೆ ಸೋಡಾ ಕದಡಿದ ಬಿಸಿನೀರಲ್ಲಿ ಹಳೇ ಹಲ್ಲುಜ್ಜುವ ಬ್ರಷ್ ಅದ್ದಿ ಉಜ್ಜಿ, ಒರೆಸಿ, ಮತ್ತೆ ಬಿಗಿ ಮಾಡಿ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್. ಮೊದಲೇ ಪ್ಲಸ್‌ಗೆ ಕೈ ಹಾಕಿದರೆ ಸ್ಪಾನರ್ ಚಾಸಿಗೆ ತಗುಲಿ ಕಿಡಿ ಹಾರುತ್ತದೆ.

ಆಮೇಲೆ ಮಲ್ಟಿಮೀಟರ್ ಹಿಡಿದು ಮೂರು ಬಾರಿ ಅಳೆಯಿರಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಕೀ ಹಾಕುವ ಮೊದಲು 12.6 ವೋಲ್ಟ್ ಅಥವಾ ಮೇಲಿದ್ದರೆ ಬ್ಯಾಟರಿ ತುಂಬಿದೆ, 12.4ಕ್ಕಿಂತ ಕೆಳಗಿದ್ದರೆ ಚಾರ್ಜ್ ಬೇಕು. 12ರ ಹತ್ತಿರ ಬಂದಿದ್ದರೆ ಖಾಲಿ. ಎರಡನೆಯದು ಸೆಲ್ಫ್ ಒತ್ತಿದಾಗ. ಚಾರ್ಜ್ ಆದ ಬ್ಯಾಟರಿಯೂ 9.5 ವೋಲ್ಟಿಗಿಂತ ಕೆಳಗೆ ಕುಸಿದರೆ ಅದರ ಆಯಸ್ಸು ಮುಗಿದಿದೆ. ಮೂರನೆಯದನ್ನು ಅಂಗಡಿಯವರು ಸಾಮಾನ್ಯವಾಗಿ ಮಾಡುವುದೇ ಇಲ್ಲ: ಎಂಜಿನ್ ಓಡುತ್ತಿರುವಾಗ ಸ್ವಲ್ಪ ರೇಸ್ ಕೊಟ್ಟು ನೋಡಿ, 13.8ರಿಂದ 14.5ರೊಳಗೆ ಇರಬೇಕು. ಏರದಿದ್ದರೆ ದೋಷ ರೆಗ್ಯುಲೇಟರ್‌ನಲ್ಲೋ (ಚಾರ್ಜಿನ ವೋಲ್ಟೇಜ್ ಹತೋಟಿಯಲ್ಲಿಡುವ ಭಾಗ) ಕಾಯಿಲ್‌ನಲ್ಲೋ (ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಸುರುಳಿ) ಇದೆ. ಅದನ್ನು ಬಿಟ್ಟು ಬ್ಯಾಟರಿ ಬದಲಿಸಿದರೆ ಹೊಸದೂ ಹಾಗೇ ಮಲಗುತ್ತದೆ.

ಚಾರ್ಜ್ ಹಾಕಿಸುವಾಗ ಲೆಕ್ಕ ಸುಲಭ, ಬ್ಯಾಟರಿಯ ಮೇಲೆ ಬರೆದ ಆಂಪಿಯರ್-ಅವರ್‌ನ (ಎಎಚ್, ಅಂದರೆ ಅದು ಹಿಡಿಯುವ ಕರೆಂಟಿನ ಅಳತೆ) ಹತ್ತನೇ ಒಂದು ಭಾಗ. 4 ಎಎಚ್ ಬ್ಯಾಟರಿಗೆ 0.4 ಆಂಪಿಯರ್, ಎಂಟು ಹತ್ತು ಗಂಟೆ. ಟ್ರ್ಯಾಕ್ಟರ್ ಬ್ಯಾಟರಿಗಳ ಸಾಲಿನಲ್ಲೇ ಇಟ್ಟು ದೊಡ್ಡ ಚಾರ್ಜರ್‌ನಿಂದ ನಾಲ್ಕೈದು ಆಂಪಿಯರ್ ಕೊಟ್ಟರೆ ಬೈಕಿನ ಬ್ಯಾಟರಿ ಬಿಸಿಯಾಗಿ ಉಬ್ಬುತ್ತದೆ. ನೀರು ಹಾಕುವ ಬಗೆಯದಾದರೆ ಎರಡು ಗೆರೆಗಳ ನಡುವೆ ಡಿಸ್ಟಿಲ್ಡ್ ವಾಟರ್ ಮಾತ್ರ. ನಮ್ಮ ಬೋರ್ ನೀರಿನ ಉಪ್ಪಿನಂಶ ಪ್ಲೇಟುಗಳನ್ನು ಬೇಗ ತಿನ್ನುತ್ತದೆ.

ಇನ್ನು ಹದಿನೈದು ಕಿಕ್ಕಿನ ವಿಷಯ. ಚೋಕ್ (ತಣ್ಣನೆ ಎಂಜಿನ್ನಿಗೆ ಪೆಟ್ರೋಲ್ ಹೆಚ್ಚು ಸೇರಿಸುವ ಹಿಡಿ) ಪೂರ್ತಿ ಎಳೆಯಿರಿ, ಕೀ ಆಫ್ ಇರಲಿ, ನಿಧಾನಕ್ಕೆ ಮೂರು ನಾಲ್ಕು ಕಿಕ್ ಕೊಡಿ. ಆಯಿಲ್ ಸಡಿಲವಾಗಿ, ಪೆಟ್ರೋಲ್ ಒಳಗೆ ಸೇರುತ್ತದೆ. ಆಮೇಲೆ ಕೀ ಆನ್ ಮಾಡಿ ಒಂದು ಜೋರು ಕಿಕ್. ಎಕ್ಸಲರೇಟರ್ ಮುಟ್ಟಬೇಡಿ; ತಿರುಗಿಸಿದರೆ ಒಳಗಿನ ಎಳೆತ ತಗ್ಗಿ ಚೋಕ್ ಹಾಕಿದ್ದೇ ದಂಡವಾಗುತ್ತದೆ. ಸ್ಟಾರ್ಟ್ ಆಗಿ ಅರ್ಧ ನಿಮಿಷಕ್ಕೆ ಚೋಕ್ ಅರ್ಧ ಇಳಿಸಿ, ಎಂಜಿನ್ ಒಂದೇ ಸಮನೆ ಓಡತೊಡಗಿದ ಮೇಲೆ ಪೂರ್ತಿ ತೆಗೆಯಿರಿ. ಡೇರಿಯವರೆಗೂ ಚೋಕ್‌ನಲ್ಲೇ ಹೋದರೆ ಪ್ಲಗ್ ಮಸಿ ಹಿಡಿದು ಮರುದಿನ ಇನ್ನೂ ಕಷ್ಟ. ಪೆಟ್ರೋಲ್ ವಾಸನೆ ಮೂಗಿಗೆ ಹೊಡೆದರೆ ಓವರ್ ಆಗಿದೆ, ಅಂದರೆ ಒಳಗೆ ಪೆಟ್ರೋಲ್ ಅತಿಯಾಗಿ ಸೇರಿದೆ: ಚೋಕ್ ತೆಗೆದು, ಎಕ್ಸಲರೇಟರ್ ಪೂರ್ತಿ ತೆರೆದು ನಾಲ್ಕು ಕಿಕ್ ಹೊಡೆಯಿರಿ.

ಇಷ್ಟಕ್ಕೂ ಜಗ್ಗದಿದ್ದರೆ ಪ್ಲಗ್ ಗ್ಯಾಪ್ (ಈ ವರ್ಗದ ಗಾಡಿಗಳಲ್ಲಿ ಸಾಮಾನ್ಯವಾಗಿ 0.7ರಿಂದ 0.9 ಮಿ.ಮೀ.) ಮತ್ತು ಟ್ಯಾಪೆಟ್ (ಎಂಜಿನ್ ವಾಲ್ವ್ ತೆರೆಯುವ ಭಾಗದ ಸಂದು) ನೋಡಿಸಿ. ಟ್ಯಾಪೆಟ್ ಬಿಗಿಯಾಗಿದ್ದರೆ ತಣ್ಣನೆ ಎಂಜಿನ್ ಹಟ ಮಾಡುತ್ತದೆ. ಅದನ್ನು ಎಂಜಿನ್ ತಣ್ಣಗಿರುವಾಗಲೇ ಅಳೆಯಬೇಕು, ಹಾಗಾಗಿ ಗಾಡಿಯನ್ನು ಹಿಂದಿನ ರಾತ್ರಿಯೇ ಬಿಟ್ಟು ಬನ್ನಿ. ಕಾರ್ಬುರೇಟರ್ ಬಿಚ್ಚುವುದು ಕಟ್ಟಕಡೆಗೆ.

ಪ್ರಶ್ನೆ: ಹೊಸ ಬಿಎಸ್ 6 (ಹೊಗೆ ನಿಯಂತ್ರಣದ ಮಾನದಂಡ) ಗಾಡಿಗೆ ಚೋಕ್ ಇಲ್ಲವಲ್ಲ, ಚಳಿಯಲ್ಲಿ ಏನು ಮಾಡಬೇಕು?
— ಚಿಂತಾಮಣಿ

ಉತ್ತರ: 2020ರ ಏಪ್ರಿಲ್ ನಂತರದ ಬಹುತೇಕ ಗಾಡಿಗಳಲ್ಲಿ ಫ್ಯುಯೆಲ್ ಇಂಜೆಕ್ಷನ್ ಇರುವುದರಿಂದ ಚೋಕ್‌ನ ಕೆಲಸವನ್ನು ಸೆನ್ಸರ್ ನೋಡಿಕೊಳ್ಳುತ್ತದೆ. ಕೀ ಆನ್ ಮಾಡಿದ ಮೇಲೆ ಟ್ಯಾಂಕಿನೊಳಗೆ ಪಂಪ್ ಗುಂಯ್ ಅಂದು ನಿಲ್ಲುವವರೆಗೆ ಎರಡು ಮೂರು ಸೆಕೆಂಡ್ ತಾಳಿ, ಆಮೇಲೆ ಸೆಲ್ಫ್ ಒತ್ತಿ. ಒಂದು ಸಲಕ್ಕೆ ಐದು ಸೆಕೆಂಡಿಗಿಂತ ಹೆಚ್ಚು ಒತ್ತಬೇಡಿ, ನಡುವೆ ಹದಿನೈದು ಸೆಕೆಂಡ್ ಬಿಡಿ. ಬ್ಯಾಟರಿ ಪೂರ್ತಿ ಸತ್ತಿದ್ದರೆ ತಳ್ಳಿ ಸ್ಟಾರ್ಟ್ ಮಾಡುವ ಹಳೇ ಉಪಾಯ ಇಲ್ಲಿ ಹೆಚ್ಚಾಗಿ ನಡೆಯದು. ಪಂಪ್, ಇಂಜೆಕ್ಟರ್ ಎರಡಕ್ಕೂ ಕರೆಂಟ್ ಬೇಕು.

ಪ್ರಶ್ನೆ: ಡಿಸೆಂಬರ್ ಬಂತೆಂದರೆ ಊರ ರಸ್ತೆಗಳಲ್ಲೆಲ್ಲ ರಾಗಿ, ಹುರುಳಿ ಹರಡಿರುತ್ತಾರೆ. ಹೋದ ವಾರ ಅದರ ಮೇಲೆ ದಾಟಿದ ಮೇಲೆ ಸುಟ್ಟ ವಾಸನೆ ಬಂತು, ಹಿಂದಿನ ಚಕ್ರ ಬಿಗಿಯಾದಂತಾಯ್ತು. ಗಾಡಿಗೆ ಏನಾದರೂ ಆಗುತ್ತದೆಯೇ?
— ಮಧುಗಿರಿ

ಉತ್ತರ: ಆಗುತ್ತದೆ, ಸವಾರನಿಗೆ ಅದಕ್ಕಿಂತ ಮೊದಲು ಆಗುತ್ತದೆ. ಟಾರಿನ ಮೇಲೆ ಒಣಹುಲ್ಲು, ಹುಲ್ಲಿನಡಿ ಕಾಳು. ರಾಗಿಗಿಂತ ಹುರುಳಿ ಕೆಟ್ಟದ್ದು, ಟೈರಿನಡಿ ಉರುಳುತ್ತದೆ. ಬದಿಯಲ್ಲಿ ದಾರಿ ಇದ್ದರೆ ಅದನ್ನೇ ಹಿಡಿಯಿರಿ. ಇಲ್ಲವಾದರೆ ಕಣ ಸಿಗುವ ಮೊದಲೇ ವೇಗವನ್ನು 20ಕ್ಕೆ ಇಳಿಸಿ, ಹ್ಯಾಂಡಲ್ ನೆಟ್ಟಗಿಟ್ಟು, ಮುಂದಿನ ಬ್ರೇಕ್ ಮುಟ್ಟದೆ ದಾಟಿ.

ದಾಟಿದ ಮೇಲೆ ಐವತ್ತು ಅಡಿ ಮುಂದೆ ಹುಲ್ಲಿಲ್ಲದ ಕಡೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಬಗ್ಗಿ ನೋಡಿ. ಹುಲ್ಲು ಸೇರುವುದು ಎರಡು ಜಾಗದಲ್ಲಿ. ಒಂದು, ಎಂಜಿನ್ ಕೆಳಗೆ ಹಾದುಹೋಗುವ ಸೈಲೆನ್ಸರ್ ಬೆಂಡ್ ಪೈಪ್. ನಿಮಗೆ ಬಂದ ಸುಟ್ಟ ವಾಸನೆ ಅಲ್ಲಿಯದು. ಅಲ್ಲಿ ಸಿಕ್ಕ ಹುಲ್ಲು ಮೊದಲು ಕರಕಲಾಗುತ್ತದೆ, ಹಾಗೇ ಬಿಟ್ಟರೆ ಹೊತ್ತಿಕೊಳ್ಳುತ್ತದೆ. ಮೇಲೆಯೇ ಪೆಟ್ರೋಲ್ ಪೈಪ್ ಇದೆ. ಕೈ ಹಾಕದೆ ಕಡ್ಡಿಯಿಂದ ಎಳೆದು ಹಾಕಿ. ಇನ್ನೊಂದು, ಹಿಂದಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲುಚಕ್ರ) ಮತ್ತು ಹಬ್ಬಿನ (ಚಕ್ರದ ನಡುಭಾಗ) ಸಂದು. ರಾಗಿ ಹುಲ್ಲು ಅಲ್ಲಿ ಹಗ್ಗದಂತೆ ಹೊಸೆದುಕೊಂಡು ಆಕ್ಸಲ್ ಸುತ್ತ ಬಿಗಿಯುತ್ತದೆ, ಬೇರಿಂಗ್ ಸೀಲ್‌ನ ಅಂಚನ್ನು ಎಬ್ಬಿಸುತ್ತದೆ. ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿಟ್ಟು, ಬ್ಲೇಡಿನಿಂದ ಅಲ್ಲಲ್ಲಿ ಕತ್ತರಿಸಿ, ಚಕ್ರವನ್ನು ಕೈಯಿಂದ ಹಿಂದಕ್ಕೆ ತಿರುಗಿಸುತ್ತ ಬಿಡಿಸಿ. ಎಂಜಿನ್ ಓಡಿಸಿ ಗೇರಿನಲ್ಲಿ ಚಕ್ರ ತಿರುಗಿಸುತ್ತ ಹುಲ್ಲು ತೆಗೆಯಲು ಹೋಗಿ ಬೆರಳು ಕಳೆದುಕೊಂಡವರಿದ್ದಾರೆ.

ಹುಲ್ಲು, ದೂಳು ಎರಡೂ ಚೈನಿನ ಎಣ್ಣೆಯನ್ನು ಹೀರುತ್ತವೆ. ಮಾಮೂಲಿ ದಿನಗಳಲ್ಲಿ 500 ಕಿ.ಮೀ.ಗೊಮ್ಮೆ ಸಾಕಾಗುವ ಚೈನ್ ಕೆಲಸವನ್ನು ಒಕ್ಕಣೆ ಮುಗಿಯುವವರೆಗೆ ವಾರಕ್ಕೊಮ್ಮೆ ಮಾಡಿ. ಸೀಮೆಎಣ್ಣೆ ಮತ್ತು ಮೆತ್ತನೆ ಬ್ರಷ್‌ನಿಂದ ತೊಳೆದು, ಬನಿಯನ್ ವೇಸ್ಟ್‌ನಿಂದ ಒರೆಸಿ, 90 ನಂಬರ್ ಗೇರ್ ಆಯಿಲನ್ನು ಚೈನಿನ ಒಳಮಗ್ಗುಲಿಗೆ ಬಿಡಿ, ಕಾಲು ಗಂಟೆ ಬಿಟ್ಟು ಹೆಚ್ಚಾದದ್ದನ್ನು ಒರೆಸಿ. ಒರೆಸದಿದ್ದರೆ ದೂಳು ಅಂಟಿ ಅರೆಯುವ ಪೇಸ್ಟ್ ಆಗುತ್ತದೆ. ಒ-ರಿಂಗ್ (ಕೊಂಡಿಗಳ ನಡುವಿನ ರಬ್ಬರ್ ಬಳೆ) ಇರುವ ಚೈನಿಗೆ ಪೆಟ್ರೋಲೂ ಬೇಡ, ತಂತಿ ಬ್ರಷ್ಷೂ ಬೇಡ. ಹೆಚ್ಚಿನ ಗಾಡಿಗಳಲ್ಲಿ ಚೈನಿನ ಸಡಿಲ 20ರಿಂದ 30 ಮಿ.ಮೀ. ಇರಬೇಕು; ಚಕ್ರ ತಿರುಗಿಸಿ, ಚೈನ್ ಅತಿ ಬಿಗಿ ಬರುವ ಜಾಗದಲ್ಲಿ ಅಳೆಯಿರಿ.

ಏರ್ ಫಿಲ್ಟರ್ ಕೂಡ ಒಕ್ಕಣೆ ಮುಗಿದ ಮೇಲೆ ನೋಡಬೇಕು. ಸ್ಪಂಜಿನದಾದರೆ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಎಂಜಿನ್ ಆಯಿಲ್ ಅದ್ದಿ ಹಿಂಡಿ ಹಾಕಿ. ಒಣ ಕಾಗದದ್ದಾದರೆ ಒಳಗಿನಿಂದ ಹೊರಕ್ಕೆ ಗಾಳಿ ಹೊಡೆಸಿ. ಎಣ್ಣೆ ಸವರಿದ ಅಂಟು ಕಾಗದದ್ದಾದರೆ ಗಾಳಿ ಹೊಡೆಸುವುದೇ ತಪ್ಪು, ಬದಲಿಸಬೇಕು.

ಪ್ರಶ್ನೆ: ಮಗ ಎರಡು ತಿಂಗಳು ಟ್ರೈನಿಂಗಿಗೆ ಹೊರಗೆ ಹೋಗಿದ್ದಾನೆ. ಅವನ 350 ಸಿಸಿ ಬುಲೆಟ್ ಮನೆ ಮುಂದಿನ ಶೀಟ್ ಕೆಳಗಿದೆ. ಭಾನುವಾರ ಭಾನುವಾರ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುತ್ತೇನೆ. ಸಾಕಲ್ಲವೇ?
— ಮಾಲೂರು

ಉತ್ತರ: ಯಜಮಾನರೇ, ಆ ಐದು ನಿಮಿಷವೇ ಬೇಡ. ಪೆಟ್ರೋಲ್ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಐದು ನಿಮಿಷದಲ್ಲಿ ಸೈಲೆನ್ಸರೂ ಆಯಿಲೂ ಅದನ್ನು ಹೊರಹಾಕುವಷ್ಟು ಬಿಸಿಯಾಗುವುದಿಲ್ಲ. ನೀರು ಒಳಗೇ ಉಳಿದು ಸೈಲೆನ್ಸರ್ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಸೆಲ್ಫ್ ತಿಂದ ಕರೆಂಟ್ ನಿಧಾನ ಓಟದಲ್ಲಿ ಬ್ಯಾಟರಿಗೆ ವಾಪಸ್ ಸೇರುವುದೂ ಇಲ್ಲ. ಒಂದೋ ಯಾರಾದರೂ ವಾರಕ್ಕೊಮ್ಮೆ ಹದಿನೈದು ಇಪ್ಪತ್ತು ಕಿ.ಮೀ. ಓಡಿಸಿ ತರಲಿ, ಇಲ್ಲವೇ ಪೂರ್ತಿ ಮಲಗಿಸಿಬಿಡಿ.

ಮಲಗಿಸುವುದಾದರೆ ಕೊನೆಯದಾಗಿ ಒಮ್ಮೆ ಬಂಕಿಗೆ ಒಯ್ದು ಟ್ಯಾಂಕ್ ತುಂಬಿಸಿ. ಅರ್ಧ ಖಾಲಿ ಟ್ಯಾಂಕಿನೊಳಗೆ ರಾತ್ರಿಯ ತಂಪಿಗೆ ತೇವ ಇಳಿಯುತ್ತದೆ, ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ಆ ನೀರನ್ನು ಹೀರಿಕೊಳ್ಳುತ್ತದೆ. ಕಾರ್ಬುರೇಟರ್ ಇರುವ ಹಳೇ ಗಾಡಿಯಾದರೆ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬುರೇಟರ್ ತಳದ ಬೌಲ್‌ನ (ಪೆಟ್ರೋಲ್ ನಿಲ್ಲುವ ಬಟ್ಟಲು) ಡ್ರೈನ್ ಸ್ಕ್ರೂ ಸಡಿಲಿಸಿ ಒಳಗಿನದನ್ನು ಇಳಿಸಿಬಿಡಿ. ಬ್ಯಾಟರಿಯ ಮೈನಸ್ ಬಿಚ್ಚಿ. ಸೆಂಟರ್ ಸ್ಟ್ಯಾಂಡ್ ಹಾಕಿ, ಟೈರಿಗೆ ಗಾಳಿ ಸರಿಯಾಗಿ ತುಂಬಿಸಿ, ಚೈನಿಗೆ ಎಣ್ಣೆ ಬಿಡಿ, ಮುಂದಿನ ಫೋರ್ಕಿನ ಹೊಳೆಯುವ ಕೊಳವೆಗೆ ತೆಳ್ಳಗೆ ಎಣ್ಣೆ ಸವರಿ. ಇಬ್ಬನಿಗೆ ಅಲ್ಲಿ ಚುಕ್ಕಿ ಚುಕ್ಕಿ ತುಕ್ಕೆದ್ದರೆ ಆಯಿಲ್ ಸೀಲ್ ಹರಿದುಹೋಗುತ್ತದೆ. ಪ್ಲಾಸ್ಟಿಕ್ ಹಾಳೆ ಹೊದಿಸಬೇಡಿ, ಒಳಗೆ ಬೆವರುತ್ತದೆ; ಹಳೇ ಹತ್ತಿ ಬೆಡ್‌ಶೀಟ್ ವಾಸಿ.

ಸುಗ್ಗಿಯ ಕಾಲದಲ್ಲಿ ಇಲಿ ಕಾಟವೂ ಇದೆ. ಸೀಟಿನಡಿ ಗೂಡು ಕಟ್ಟಿ ವೈರು ಕಡಿಯುತ್ತವೆ. ಗಾಡಿಯ ಪಕ್ಕ ರಾಗಿ ಮೂಟೆ, ಹಿಂಡಿ ಚೀಲ ಇಡಬೇಡಿ, ವಾರಕ್ಕೊಮ್ಮೆ ಸೀಟ್ ಎತ್ತಿ ನೋಡಿ. ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿದರೆ ಅದರ ತುದಿ ಹೊರಗೆ ಇಳಿಬಿದ್ದಿರಲಿ, ಕೀಗೂ ಒಂದು ಚೀಟಿ ಕಟ್ಟಿ. ಮಗ ಬಂದವನೇ ಸೆಲ್ಫ್ ಒತ್ತಿಯಾನು.

ಪ್ರಶ್ನೆ: ಆಯಿಲ್ ಮುಚ್ಚಳದ ಒಳಗೆ ಬೆಣ್ಣೆಯಂಥ ಬಿಳಿ ಪದರ ಕಟ್ಟಿದೆ. ಚಳಿಗಾಲಕ್ಕೆ ತೆಳು ಆಯಿಲ್ ಹಾಕಿಸಬೇಕೆ?
— ಕುಣಿಗಲ್

ಉತ್ತರ: ಆ ಬಿಳಿ ಪದರ ಆಯಿಲಿನೊಂದಿಗೆ ಬೆರೆತ ನೀರು. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಎರಡೆರಡು ಕಿ.ಮೀ. ಓಡುವ ಗಾಡಿಗಳಲ್ಲೇ ಹೆಚ್ಚು. ಮುಚ್ಚಳ ಒರೆಸಿ, ತುಮಕೂರಿಗೋ ಮಾಗಡಿಗೋ ಒಮ್ಮೆ ಹೋಗಿ ಬನ್ನಿ, ಆರಿಹೋಗುತ್ತದೆ. ಗಾಜಿನ ಕಿಂಡಿಯಲ್ಲಿ ಅಥವಾ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಪೂರ್ತಿ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಮಾತ್ರ ಬೇರೆ ಕಥೆ. ಕೂಲೆಂಟ್ (ಎಂಜಿನ್ ತಂಪಿಡುವ ದ್ರವ) ಇರುವ ಗಾಡಿಯಾದರೆ ಅದು ಒಳಗೆ ಸೋರುತ್ತಿದೆ, ಓಡಿಸದೆ ತೋರಿಸಿ.

ತೆಳು ಆಯಿಲ್ ಬೇಡ. 10ಡಬ್ಲ್ಯು-30 ಎಂಬಲ್ಲಿ ಮೊದಲ ಅಂಕಿ ಚಳಿಯಲ್ಲಿನ ಹರಿವಿನದು, ಎರಡನೆಯದು ಎಂಜಿನ್ ಕಾದಾಗಿನದು. ನಮ್ಮ ಚಳಿಗೆ ಕಂಪನಿ ಪುಸ್ತಕದಲ್ಲಿ ಬರೆದ ಗ್ರೇಡೇ ಸಾಕು. ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 (ಬೈಕಿನ ಕ್ಲಚ್‌ಗೆ ಹೊಂದುವ ಆಯಿಲ್‌ನ ಗುರುತು) ಎಂದಿರಲಿ. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಪ್ಲೇಟ್ ಜಾರುವ ಅಪಾಯವಿದೆ.

ಪ್ರಶ್ನೆ: ಸೂರ್ಯೋದಯಕ್ಕೆ ನಂದಿ ಬೆಟ್ಟಕ್ಕೆ ಹೋಗುತ್ತೇವೆ. ಮಂಜಿನಲ್ಲಿ ವೈಸರ್ ಮಸುಕಾಗುತ್ತದೆ. ಇಳಿಯುವಾಗ ಪೆಟ್ರೋಲ್ ಉಳಿಸಲು ಎಂಜಿನ್ ಆಫ್ ಮಾಡುವುದು ಸರಿಯೇ?
— ಚಿಕ್ಕಬಳ್ಳಾಪುರ

ಉತ್ತರ: ತಪ್ಪು. 1,478 ಮೀಟರ್ ಎತ್ತರದ ಬೆಟ್ಟದಿಂದ ಬರೀ ಬ್ರೇಕ್ ಹಿಡಿದು ಇಳಿದರೆ ಡ್ರಮ್ ಕಾದು ಹಿಡಿತ ಬಿಡುತ್ತದೆ. ಡಿಸ್ಕ್ ಆದರೂ ಬ್ರೇಕ್ ಆಯಿಲ್ ಹಳತಾಗಿದ್ದರೆ ಅದು ಹೀರಿದ ನೀರು ಕುದಿದು ಲಿವರ್ ಮೆತ್ತಗಾಗುತ್ತದೆ. ಎಂಜಿನ್ ಆನ್ ಇಟ್ಟು ಎರಡನೇ ಅಥವಾ ಮೂರನೇ ಗೇರಿನಲ್ಲಿ ಇಳಿಯಿರಿ. ಇಂಜೆಕ್ಷನ್ ಗಾಡಿಯಲ್ಲಿ ಗೇರಿನಲ್ಲಿದ್ದು ಎಕ್ಸಲರೇಟರ್ ಬಿಟ್ಟಾಗ ಪೆಟ್ರೋಲ್ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ, ಉಳಿತಾಯದ ನೆಪವೂ ಇಲ್ಲ.

ವೈಸರ್ ಒಳಮೈಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸವರಿ, ಆರಿದ ಮೇಲೆ ಮೆತ್ತನೆ ಬಟ್ಟೆಯಲ್ಲಿ ಹೊಳಪು ಬರುವಂತೆ ಒರೆಸಿ. ಓಡಿಸುವಾಗ ಬೆರಳಿನಷ್ಟು ತೆರೆದಿಡಿ. ಮಂಜಿನಲ್ಲಿ ಡಿಮ್ ಲೈಟೇ ಇರಲಿ, ಹೈ ಬೀಮ್ ಕಣ್ಣಿಗೇ ವಾಪಸ್ ಹೊಡೆಯುತ್ತದೆ. ಗಾಳಿಯನ್ನು ಹೊರಡುವ ಮೊದಲು, ಟೈರ್ ತಣ್ಣಗಿರುವಾಗ ನೋಡಿ. ಹತ್ತು ಡಿಗ್ರಿ ಇಳಿದರೆ ಸುಮಾರು ಒಂದೂವರೆ ಪಿಎಸ್‌ಐ ತಗ್ಗುತ್ತದೆ.

ಪ್ರಶ್ನೆ: ಬೆಳಿಗ್ಗೆ ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರುತ್ತೆ, ನೀರೂ ತೊಟ್ಟಿಕ್ಕುತ್ತೆ.
— ಮುಳಬಾಗಿಲು

ಉತ್ತರ: ಎಂಜಿನ್ ಕಾದ ಮೇಲೆ ಹೊಗೆ ನಿಂತರೆ ಅದು ಬರೀ ಆವಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಕಪ್ಪಾದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ.

ಪ್ರಶ್ನೆ: ಬೆಳಗಿನ ಹೊತ್ತು ಡಿಸ್ಕ್ ಬ್ರೇಕ್ ಕರಕರ ಅನ್ನುತ್ತದೆ. ಪ್ಯಾಡ್ ಹೋಗಿದೆಯೇ?
— ತಿಪಟೂರು

ಉತ್ತರ: ರಾತ್ರಿ ಇಬ್ಬನಿಗೆ ಡಿಸ್ಕಿನ ಮೇಲೆ ತೆಳು ತುಕ್ಕು ಕೂರುತ್ತದೆ. ಹೊರಟ ಮೇಲೆ ನಿಧಾನ ವೇಗದಲ್ಲಿ ನಾಲ್ಕೈದು ಬಾರಿ ಬ್ರೇಕ್ ಒತ್ತಿದರೆ ಹೋಗುತ್ತದೆ. ಹಗಲೆಲ್ಲ ಸದ್ದು ಬಂದರೆ ಪ್ಯಾಡಿನ ಗುರುತು ಗೆರೆ ಸವೆದಿದೆಯೇ ನೋಡಿಸಿ. ಕರಕರ ನಿಲ್ಲಿಸಲೆಂದು ಡಿಸ್ಕಿಗೆ ಎಣ್ಣೆ, ಸ್ಪ್ರೇ ಏನನ್ನೂ ಹಾಕಬೇಡಿ. ಸದ್ದಿನ ಜೊತೆ ಬ್ರೇಕೂ ಹೋಗುತ್ತದೆ, ಎಣ್ಣೆ ಕುಡಿದ ಪ್ಯಾಡನ್ನು ಬದಲಿಸಲೇಬೇಕಾಗುತ್ತದೆ.