ಬಹುಕಾಲದಿಂದ ಸ್ವಂತ ಮನೆಯಲ್ಲಿರುವ ಕಡಿಮೆ ವರಮಾನದವರಿಗೆ ಮನೆ ಕಂದಾಯದಲ್ಲಿ ರಿಯಾಯಿತಿ ಉಂಟೇ?

ಫಿಲಡೆಲ್ಫಿಯಾದಲ್ಲಿ ಬಹಳ ವರ್ಷಗಳಿಂದ ಸ್ವಂತ ಮನೆಯಲ್ಲಿ ವಾಸವಿರುವ ಕಡಿಮೆ ವರಮಾನದವರಿಗೆ ಆಸ್ತಿ ತೆರಿಗೆಯಲ್ಲಿ ನೆರವು ಸಿಗುತ್ತದೆಂದು ಅಲ್ಲಿರುವ ನಿಮ್ಮ ಅಣ್ಣನವರು ತಿಳಿಸಿದ್ದಾರೆ. ಮಡಿಕೇರಿಯ ಹಳೆಯ ಮನೆಯಲ್ಲಿ ಒಬ್ಬರೇ ಇರುವ ನಿಮ್ಮ ತಾಯಿಯವರಿಗೂ ನಗರಸಭೆಯಿಂದ ಅಂತಹ ನೆರವು ದೊರೆಯುವುದೇ ಎಂದು ಕೇಳಿದ್ದೀರಿ. ಮಾಲೀಕರ ವರಮಾನವನ್ನೂ ಅವರು ಆ ಮನೆಯಲ್ಲಿ ಕಳೆದ ವರ್ಷಗಳನ್ನೂ ನೋಡಿ ತೆರಿಗೆ ಇಳಿಸುವ ಯೋಜನೆ ನಮ್ಮಲ್ಲಿಲ್ಲ. ಆದರೂ ನಮ್ಮ ಬೀದಿಯ ಹಿರಿಯರ ತೆರಿಗೆ ನಮೂನೆಗಳನ್ನು ತುಂಬಿಕೊಡುವವನಾಗಿ ಹೇಳುವುದಾದರೆ, ಕಟ್ಟಬೇಕಿಲ್ಲದ ಹಣವನ್ನು ಕಟ್ಟುತ್ತಿರುವ ಮನೆಗಳು ಕಡಿಮೆಯೇನಿಲ್ಲ.

ನಿಮ್ಮ ಅಣ್ಣನವರು ಹೇಳಿದ್ದು ನಿಜ. ಫಿಲಡೆಲ್ಫಿಯಾ ನಗರವು 2014ರ ತೆರಿಗೆ ವರ್ಷದಿಂದ ಎಲ್ಲ ಆಸ್ತಿಗಳಿಗೂ ಮಾರುಕಟ್ಟೆ ಬೆಲೆಯ ಆಧಾರದಲ್ಲಿ ಹೊಸ ಮೌಲ್ಯ ಕಟ್ಟಿದಾಗ, ಬೇಡಿಕೆ ಹೆಚ್ಚಿದ ಬಡಾವಣೆಗಳ ಹಳೆಯ ನಿವಾಸಿಗಳ ತೆರಿಗೆ ಒಮ್ಮೆಲೇ ಏರಿತು. ಅದಕ್ಕೆ ಪರಿಹಾರವಾಗಿ ಬಂದದ್ದೇ ‘ಲೂಪ್’ ಎಂಬ ಯೋಜನೆ. ಹತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಆ ಮನೆಯಲ್ಲೇ ವಾಸವಿದ್ದು, ವರಮಾನದ ಮಿತಿಯೊಳಗಿರುವವರ ಮನೆಯ ಮೌಲ್ಯ ಒಂದು ವರ್ಷದಲ್ಲಿ ಶೇ. 50ರಷ್ಟು ಅಥವಾ ಐದು ವರ್ಷಗಳಲ್ಲಿ ಶೇ. 75ರಷ್ಟು ಏರಿದ್ದರೆ, ಏರಿಕೆಯ ಒಂದು ಭಾಗವನ್ನು ತೆರಿಗೆಯ ಲೆಕ್ಕದಿಂದ ಬಿಡಲಾಗುತ್ತದೆ.

ಮಡಿಕೇರಿಯಲ್ಲಿಯೂ ಆಗುತ್ತಿರುವುದು ಬಹುಮಟ್ಟಿಗೆ ಇದೇ. 2021ರ ತಿದ್ದುಪಡಿಯ ನಂತರ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳ ಆಸ್ತಿ ತೆರಿಗೆಯು ನೋಂದಣಿ ಇಲಾಖೆಯ ಮಾರ್ಗಸೂಚಿ ಬೆಲೆಯೊಡನೆ, ಎಂದರೆ ಆಯಾ ಜಾಗಕ್ಕೆ ಸರ್ಕಾರ ಗೊತ್ತುಪಡಿಸುವ ಬೆಲೆಯೊಡನೆ, ಹೆಣೆದುಕೊಂಡಿದೆ. ಪ್ರವಾಸಿಗರು ಹೆಚ್ಚಿ, ರೆಸಾರ್ಟು ಹೋಮ್‌ಸ್ಟೇಗಳು ಎದ್ದು ಜಾಗದ ಬೆಲೆ ಏರಿದರೆ, ಮಾರುವ ಯೋಚನೆಯೇ ಇಲ್ಲದವರಿಗೆ ಅದರಿಂದ ಬರುವುದು ಹೆಚ್ಚಿದ ಕಂದಾಯ ಮಾತ್ರ. ಬಡ ಹಿರಿಯರಿಗೆ ನಮ್ಮ ಸರ್ಕಾರ ಕೊಡುವ ನೆರವು ಪಿಂಚಣಿಯ ರೂಪದಲ್ಲಿದೆಯೇ ಹೊರತು ತೆರಿಗೆ ವಿನಾಯಿತಿಯ ರೂಪದಲ್ಲಿಲ್ಲ. ಇದು ನನಗೆ ಸರಿಯೆನಿಸುವುದಿಲ್ಲ, ಏಕೆಂದರೆ ಪಿಂಚಣಿಗೆ ಜಾಗದ ಬೆಲೆ ಏರಿದ್ದು ಗೊತ್ತಾಗುವುದಿಲ್ಲ. ಆದರೂ ತಾಯಿಯವರಿಗೆ ವಿಧವಾ ವೇತನವಾಗಲಿ, 65 ದಾಟಿದ್ದರೆ ಸಂಧ್ಯಾ ಸುರಕ್ಷಾ ಆಗಲಿ ಬರುತ್ತಿಲ್ಲವಾದರೆ ಅದನ್ನು ನಾಡಕಚೇರಿಯಲ್ಲಿ ಮೊದಲು ವಿಚಾರಿಸಿ.

ನಿಮ್ಮ ತಂದೆಯವರು ಸೈನ್ಯದಲ್ಲಿದ್ದರೇ ಎಂಬುದನ್ನು ನೀವು ಬರೆದಿಲ್ಲ. ಕೊಡಗಿನವರಿಗೆ ಉತ್ತರಿಸುವಾಗ ಈ ಪ್ರಶ್ನೆ ಕೇಳದೆ ಮುಂದೆ ಹೋಗಲಾಗದು. ಮಾಜಿ ಸೈನಿಕರು ಅಥವಾ ಮೃತ ಮಾಜಿ ಸೈನಿಕರ ಕುಟುಂಬದವರು ತಾವೇ ವಾಸವಿರುವ ಮನೆಗೆ ತೆರಿಗೆಯಲ್ಲಿ ಅರ್ಧದಷ್ಟು ವಿನಾಯಿತಿ ಉಂಟು, ಆದರೆ ಕೇಳದೆ ಅದು ತಾನಾಗಿ ಬಿಲ್ಲಿನಲ್ಲಿ ಕಾಣಿಸಿಕೊಳ್ಳುವುದಿಲ್ಲ. ಬೇಕಾದ ಗುರುತಿನ ದಾಖಲೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ದೊರೆಯುತ್ತದೆ.

ಎಲ್ಲರಿಗೂ ಅನ್ವಯಿಸುವ ವಿಷಯವೆಂದರೆ ಸ್ವಯಂ ಘೋಷಣೆಯ ನಮೂನೆ. ಅದರಲ್ಲಿ ಬರೆದಿರುವುದೇ ತೆರಿಗೆಯ ಬುನಾದಿ. ಒಮ್ಮೆ ತಪ್ಪು ನಮೂದಾದರೆ ವರ್ಷ ವರ್ಷವೂ ಅದೇ ಮುಂದುವರಿಯುತ್ತದೆ. ಕಟ್ಟಡದ ಮೌಲ್ಯದಲ್ಲಿ ಅದರ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆಯಬೇಕು. ಮಂಗಳೂರು ಹೆಂಚಿನ ಹಳೆಯ ಮನೆಯನ್ನು ಆರ್‌ಸಿಸಿ ಎಂದೋ, ಕಟ್ಟಿದ ವರ್ಷದ ಬದಲು ಖಾತೆಯಾದ ವರ್ಷವನ್ನೋ ಬರೆದಿದ್ದರೆ ಸವಕಳಿಯ ಲೆಕ್ಕ ತಪ್ಪಿ, ತೆರಿಗೆಯೂ ಅದರ ಮೇಲೆ ಬೀಳುವ ಉಪಕರಗಳೂ ಏರುತ್ತವೆ. ಬಳಕೆಯ ಕಲಂ ಇನ್ನೂ ಮುಖ್ಯ. ಹಿಂದೆ ಒಂದೆರಡು ಕೋಣೆಗಳನ್ನು ಪ್ರವಾಸಿಗರಿಗೋ ಅಂಗಡಿಗೋ ಕೊಟ್ಟು ಈಗ ನಿಲ್ಲಿಸಿದ್ದರೂ ಆ ಭಾಗ ದಾಖಲೆಯಲ್ಲಿ ವಾಣಿಜ್ಯವೆಂದೇ ಉಳಿದಿದ್ದರೆ, ವಾಸದ ಮನೆಗಿಂತ ಹೆಚ್ಚಿನ ದರವೇ ಬೀಳುತ್ತದೆ. ತಿದ್ದುಪಡಿಯ ಅರ್ಜಿಯನ್ನು ಪೌರಾಯುಕ್ತರ ಹೆಸರಿಗೆ ಬರೆದು, ಮನೆಯ ಫೋಟೊ, ಹಳೆಯ ರಸೀದಿ, ವಿದ್ಯುತ್ ಬಿಲ್ಲಿನ ಪ್ರತಿಗಳನ್ನು ಲಗತ್ತಿಸಿ, ಸ್ಥಳ ಪರಿಶೀಲನೆ ಮಾಡುವಂತೆ ಅದರಲ್ಲೇ ಕೋರಿ. ಕಿಟಕಿಯಲ್ಲಿ ಬಾಯಿಮಾತಿನಲ್ಲಿ ಹೇಳಿ ಬಂದರೆ ಏನೂ ಆಗುವುದಿಲ್ಲ. ಸ್ವೀಕೃತಿಯ ಮೊಹರು ಬಿದ್ದ ಪ್ರತಿ ನಿಮ್ಮ ಕೈಯಲ್ಲಿರಲಿ.

ಏಪ್ರಿಲ್ ತಿಂಗಳಲ್ಲಿ ಕಟ್ಟಿದರೆ ಶೇ. 5 ರಿಯಾಯಿತಿ, ಜೂನ್ ದಾಟಿದರೆ ತಿಂಗಳಿಗೆ ಶೇ. 2 ದಂಡ. ತಿದ್ದುಪಡಿ ಆಗುವವರೆಗೆ ಕಟ್ಟುವುದಿಲ್ಲವೆಂದು ಕುಳಿತರೆ ದಂಡವೇ ರಿಯಾಯಿತಿಯನ್ನು ನುಂಗುತ್ತದೆ, ಹಾಗಾಗಿ ಈಗಿನ ಬೇಡಿಕೆಯನ್ನು ಕಟ್ಟಿಯೇ ಅರ್ಜಿ ಕೊಡುವುದು ಲೇಸು.

ಇಷ್ಟೆಲ್ಲಕ್ಕೂ ಖಾತೆ ತಾಯಿಯವರ ಹೆಸರಿನಲ್ಲಿರಬೇಕು. ಕೊಡಗಿನ ಎಷ್ಟೋ ಮನೆಗಳ ಕಾಗದ ಇಂದಿಗೂ ತೀರಿಹೋದ ಯಜಮಾನರ ಹೆಸರಿನಲ್ಲಿಯೋ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗವಾದರೆ ಕುಟುಂಬದ ಮುಖ್ಯಸ್ಥರಾದ ಪಟ್ಟೆದಾರರ ಹೆಸರಿನಲ್ಲಿಯೋ ಇರುತ್ತದೆ, ಮತ್ತು ವಿನಾಯಿತಿಯ ಅರ್ಜಿಗಳು ಹಿಂದಿರುಗುವುದು ಅಲ್ಲಿಯೇ. ನಿಮ್ಮದು ಪಟ್ಟಣದೊಳಗಿನ ನಿವೇಶನವಾಗಿದ್ದರೆ ತಂದೆಯವರ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದೊಂದಿಗೆ ಖಾತೆ ಬದಲಾವಣೆಗೆ ಮೊದಲು ಅರ್ಜಿ ಹಾಕಿ. ನೀವೂ ಅಣ್ಣನವರೂ ಒಪ್ಪಿಗೆ ಬರೆದುಕೊಡಬೇಕಾಗಬಹುದು, ಆದ್ದರಿಂದ ಅವರು ಮುಂದಿನ ಸಲ ಊರಿಗೆ ಬಂದಾಗಲೇ ಆ ಕೆಲಸವನ್ನೂ ಮುಗಿಸಿಕೊಳ್ಳಿ.